ಟ್ರೌಟ್ ಟಾಕಿಯಲ್ಲಿ ಮೀನು ಮೇಲೆ ಬಂದರೆ ಎಲ್ಲಿಂದ ಹುಡುಕಬೇಕು?

ಟ್ರೌಟ್ ತಣ್ಣೀರಿನ ಮೀನು. ನಮ್ಮ ದೇಶದಲ್ಲಿ ಅದು ಕಾಶ್ಮೀರದ ಕೋಕರ್‌ನಾಗ್, ಹಿಮಾಚಲದ ಪತ್ಲಿಕೂಹಲ್, ನೀಲಗಿರಿಯ ಅವಲಾಂಚಿ ಇಂಥ ಕಡೆ ಬೆಳೆಯುತ್ತದೆ. ಅಲ್ಲಿಗೂ ಅದು ಹೊರಗಿನಿಂದಲೇ ಬಂದದ್ದು. ಬ್ರಿಟಿಷರ ಕಾಲದಲ್ಲಿ, 1900ರಲ್ಲಿ, ಕಂದು ಟ್ರೌಟಿನ ಮೊಟ್ಟೆಗಳು ಹಡಗಿನಲ್ಲಿ ಬಂದು ಕಾಶ್ಮೀರ ಸೇರಿದವು. ಅವಲಾಂಚಿಯ ಮರಿ ಕೇಂದ್ರ ಶುರುವಾದದ್ದು 1907ರಲ್ಲಿ. ಅಲ್ಲೆಲ್ಲ ಗುಡ್ಡದಿಂದ ಇಳಿಯುವ ನೀರು ತಾನಾಗಿಯೇ ತಣ್ಣಗಿರುತ್ತದೆ. ಕಲ್ಲಿಗೆ ಬಡಿದು ತಾನಾಗಿಯೇ ಗಾಳಿ ಸೇರಿಸಿಕೊಳ್ಳುತ್ತದೆ. ಮೀನಿನ ಹೊಲಸನ್ನೂ ಹೊತ್ತುಕೊಂಡು ಹೋಗುತ್ತದೆ.

ನಮ್ಮ ಕಡೆ ಘಟಪ್ರಭೆ, ಮಲಪ್ರಭೆ, ಕೃಷ್ಣೆ ಯಾವುದೂ ಟ್ರೌಟಿಗೆ ಬೇಕಾದಷ್ಟು ತಣ್ಣಗಿಲ್ಲ. ಹಾಗಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಯಾರಾದರೂ ಟ್ರೌಟ್ ಸಾಕುತ್ತೇವೆ ಎಂದರೆ ಅದು ಶೆಡ್ಡಿನೊಳಗಿನ ಟಾಕಿಯಲ್ಲೇ (ನೀರಿನ ತೊಟ್ಟಿಯಲ್ಲೇ) ಆಗಬೇಕು. ತಂಪು ಮಾಡಲು ಚಿಲ್ಲರ್, ಗಾಳಿಗೆ ಬ್ಲೋವರ್, ಹೊಲಸಿಗೆ ಬಯೋಫಿಲ್ಟರ್, ಇವನ್ನೆಲ್ಲ ಸುತ್ತಿಸಲು ಪಂಪ್. ನದಿ ಮಾಡುವ ಕೆಲಸವನ್ನು ಇಲ್ಲಿ ಮಷಿನ್ ಮಾಡುತ್ತದೆ. ಆದ್ದರಿಂದ ಮೀನಿಗೆ ತೊಂದರೆ ಬಂದಾಗ ಮೊದಲು ನೋಡಬೇಕಾದದ್ದು ಮೀನನ್ನಲ್ಲ, ಆ ಮಷಿನನ್ನು. ನಾನು ಬೆಳಗಾವಿಯಲ್ಲಿ ಪಂಪ್, ಚಿಲ್ಲರ್, ಟಾಕಿ ಕೆಲಸ ಮಾಡುವವನು. ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಹೀಗೇ ಶುರುವಾಗುತ್ತವೆ:

"ಅಣ್ಣಾರ, ಮೀನೆಲ್ಲಾ ಮ್ಯಾಲೆ ಬಂದು ಬಾಯಿ ಬಿಡಾಕ್ಹತ್ಯಾವ್ರಿ. ಯಾವ ಔಷಧ ಹಾಕಲ್ರಿ?"

"ಔಷಧ ಏನೂ ಹಾಕಬ್ಯಾಡ್ರಿ ಕಾಕಾ. ಮೊದಲ ಫೀಡ್ ಬಂದ್ ಮಾಡ್ರಿ. ನೀರು ಎಷ್ಟ್ ಡಿಗ್ರಿ ಐತಿ ನೋಡಿ ಹೇಳ್ರಿ."

ಔಷಧ ಬೇಡ ಎನ್ನಲು ಕಾರಣವಿದೆ. ಪೊಟ್ಯಾಶಿಯಂ ಪರ್ಮಾಂಗನೇಟ್, ಫಾರ್ಮಲಿನ್, ಆಂಟಿಬಯೋಟಿಕ್ ಯಾವುದೇ ಆಗಲಿ, ಬಯೋಫಿಲ್ಟರಿನಲ್ಲಿದ್ದು ಮೀನಿನ ಹೊಲಸಿನ ಅಮೋನಿಯ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತವೆ. ಇವತ್ತಿನ ತೊಂದರೆ ಆಕ್ಸಿಜನ್ನದ್ದಾಗಿದ್ದರೆ ಅದರ ಬೆನ್ನಿಗೇ ಅಮೋನಿಯದ ತೊಂದರೆಯೂ ಬಂದು ಕೂರುತ್ತದೆ.

ಎಲ್ಲವೂ ಒಟ್ಟಿಗೋ, ಒಂದೊಂದಾಗಿಯೋ?

ಟಾಕಿಯ ಪಕ್ಕ ಸುಮ್ನೆ ಎರಡು ನಿಮಿಷ ನಿಂತುಕೊಳ್ಳಿ. ಎಲ್ಲ ಮೀನೂ ಒಂದೇ ಹೊತ್ತಿಗೆ, ಒಂದೇ ರೀತಿ ಒದ್ದಾಡುತ್ತಿದ್ದರೆ ಅದು ನೀರಿನ ದೋಷ. ದಿನಕ್ಕೆ ಎರಡು ಮೂರು ಸತ್ತು, ಉಳಿದವು ತಿಂದುಕೊಂಡು ಚೆನ್ನಾಗಿದ್ದರೆ ರೋಗ ಅಥವಾ ಫೀಡಿನ ದೋಷ ಇರಬಹುದು. ಇದೊಂದು ಗೊತ್ತಾದರೆ ಅರ್ಧ ದಾರಿ ಸಿಕ್ಕ ಹಾಗೆ.

ಮೀನು ಎಲ್ಲಿ ಗುಂಪುಗೂಡಿದೆ ಎಂಬುದೂ ಮುಖ್ಯ. ಹೊಸ ನೀರು ಬೀಳುವ ಪೈಪಿನ ಬಾಯಿಗೆ ಮುತ್ತಿಕೊಂಡಿದ್ದರೆ ಆಕ್ಸಿಜನ್ ಕಡಿಮೆ. ಅದೇ ಪೈಪಿನಿಂದ ದೂರ ಓಡಿ ಎದುರು ಗೋಡೆಗೆ ಅಂಟಿಕೊಂಡಿದ್ದರೆ ಬರುತ್ತಿರುವ ನೀರಿನಲ್ಲೇ ಏನೋ ಇದೆ. ಕ್ಲೋರಿನ್ ಇರಬಹುದು, ಬೋರಿನ ಕೆಟ್ಟ ಗಾಳಿ ಇರಬಹುದು. ಗೋಡೆಗೆ ಮೈ ಉಜ್ಜುತ್ತಿದ್ದರೆ ಪರಾವಲಂಬಿ ಹುಳದ ಅನುಮಾನ ಪಡಬೇಕು.

ಮೊದಲ ಅಳತೆ: ನೀರಿನ ಬಿಸಿ

ಟಾಕಿಯಲ್ಲಿ ಸಾಕುವ ರೇನ್‌ಬೋ ಟ್ರೌಟ್ ಚೆನ್ನಾಗಿ ತಿಂದು ಬೆಳೆಯುವುದು 10ರಿಂದ 16 ಡಿಗ್ರಿ ನೀರಿನಲ್ಲಿ. 18ರವರೆಗೆ ನಡೆಯುತ್ತದೆ. 20 ದಾಟಿದರೆ ಫೀಡ್ ನಿಲ್ಲಿಸಿಬಿಡಬೇಕು. 25ರ ಹತ್ತಿರ ಬಂದರೆ ಸಾವು ಶುರುವಾಗುತ್ತದೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಬಿಸಿಲು ಇರುತ್ತದೆ. ಹಾಗಾಗಿ ಚಿಲ್ಲರ್ ನಿಂತ ಮೇಲೆ ನಿಮಗೆ ಸಿಗುವುದು ಕೆಲವೇ ಗಂಟೆಗಳ ಸಮಯ.

ಚಿಲ್ಲರಿನ ಡಿಸ್ಪ್ಲೇ ನಂಬಿ ಥರ್ಮಾಮೀಟರ್ ಬಿಡಬೇಡಿ. ಡಿಸ್ಪ್ಲೇ ತೋರಿಸುವುದು ಚಿಲ್ಲರಿನೊಳಗಿನ ನೀರಿನ ಬಿಸಿ. ಟಾಕಿಯ ತಳದಲ್ಲಿ, ನೀರು ಹೊರಗೆ ಹೋಗುವ ಕಡೆ, ಬೇರೆ ಥರ್ಮಾಮೀಟರಿನಿಂದ ನೋಡಿ. ಆಮೇಲೆ ಚಿಲ್ಲರಿಗೆ ಹೋಗುವ ನೀರು ಎಷ್ಟು, ಬರುವ ನೀರು ಎಷ್ಟು ಅಂತ ಅಳೆಯಿರಿ. ಎಲ್ಲ ಸರಿ ಇದ್ದ ದಿನ ಈ ವ್ಯತ್ಯಾಸ ಎಷ್ಟಿತ್ತು ಎಂದು ಗೋಡೆಯ ಮೇಲೆ ಬರೆದಿಟ್ಟಿದ್ದರೆ ಈಗ ಬಹಳ ಉಪಯೋಗಕ್ಕೆ ಬರುತ್ತದೆ. ವ್ಯತ್ಯಾಸ ಮೊದಲಿಗಿಂತ ಕಡಿಮೆಯಾಗಿದ್ದರೆ ಚಿಲ್ಲರ್ ತಂಪು ಮಾಡುತ್ತಿಲ್ಲ: ಬಿಸಿ ಹೊರಹಾಕುವ ಭಾಗವಾದ ಕಂಡೆನ್ಸರಿನಲ್ಲಿ ಧೂಳು ಕಟ್ಟಿದೆ, ಅಥವಾ ಗ್ಯಾಸ್ ಸೋರಿದೆ. ವ್ಯತ್ಯಾಸ ಹೆಚ್ಚಾಗಿದ್ದೂ ಟಾಕಿ ಬಿಸಿಯಾಗಿದ್ದರೆ ಚಿಲ್ಲರ್ ಸರಿ ಇದೆ, ನೀರಿನ ಹರಿವು ಕಡಿಮೆಯಾಗಿದೆ. ಪೈಪಿನ ಜಾಲರಿ (ಸ್ಟ್ರೇನರ್) ಬಿಚ್ಚಿ ನೋಡಿ.

ನಮ್ಮ ಕಡೆ ಕಂಡೆನ್ಸರ್ ಧೂಳೇ ಮೊದಲ ಅಪರಾಧಿ. ಹೊಲದ ಮಣ್ಣು, ಕಬ್ಬಿನ ರವದಿ ಸುಟ್ಟ ಬೂದಿ, ಎಲ್ಲ ಹೋಗಿ ಆ ರೆಕ್ಕೆಗಳ ಸಂದಿಯಲ್ಲಿ ಕೂರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಚಿಲ್ಲರ್ ಟ್ರಿಪ್ ಆಗಿ, ಸಂಜೆ ತಾನಾಗಿಯೇ ಚಾಲೂ ಆಗುತ್ತದೆ ಎಂದರೆ ಸಾಮಾನ್ಯವಾಗಿ ಇದೇ ಕಥೆ. ಕಂಡೆನ್ಸರಿನ ಬಿಸಿಗಾಳಿ ಅದೇ ಶೆಡ್ಡಿನಲ್ಲೇ ಸುತ್ತುತ್ತಿದ್ದರೂ ಹೀಗೇ ಆಗುತ್ತದೆ. ಕಂಡೆನ್ಸರನ್ನು ಶೆಡ್ಡಿನ ಹೊರಗೆ, ನೆರಳಿನಲ್ಲಿ ಇಡಿ.

ಚಿಲ್ಲರ್ ಕೈಕೊಟ್ಟಾಗ ಎಲ್ಲರೂ ಐಸ್ ತರಲು ಓಡುತ್ತಾರೆ. ಲೆಕ್ಕ ಹಾಕಿ ಓಡಿ. 10,000 ಲೀಟರ್ ನೀರನ್ನು ಬರೀ ಒಂದು ಡಿಗ್ರಿ ಇಳಿಸಲು ನೂರು ಕೆಜಿಯಷ್ಟು ಐಸ್ ಬೇಕು. ಐದು ಡಿಗ್ರಿ ಇಳಿಸಬೇಕಾದರೆ ಅರ್ಧ ಟನ್ ಬೇಕು. ಇನ್ನೊಂದು ಮಾತು: ಐಸ್ ಗಡ್ಡೆಯನ್ನು ನೇರವಾಗಿ ನೀರಿಗೆ ಹಾಕಬೇಡಿ, ಅದರಲ್ಲಿ ನಲ್ಲಿ ನೀರಿನ ಕ್ಲೋರಿನ್ ಇರಬಹುದು. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಳಿಬಿಡಿ. ನೀರನ್ನು ಒಮ್ಮೆಲೇ ತಣ್ಣಗೆ ಮಾಡುವುದೂ ಬೇಡ. ಗಂಟೆಗೆ ಒಂದೆರಡು ಡಿಗ್ರಿ ಇಳಿದರೆ ಸಾಕು.

ಕರೆಂಟ್ ಬಂದ ಮೇಲೆ ಎಲ್ಲ ತಿರುಗುತ್ತಿದೆ, ಆದರೂ ನೀರು ಸಾಲುತ್ತಿಲ್ಲ

ಈ ದೋಷವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಕಣ್ಣಿಗೆ ಕಾಣುವುದಿಲ್ಲ, ಆದರೆ ಒಂದೇ ರಾತ್ರಿಯಲ್ಲಿ ಟಾಕಿಯ ಮೀನನ್ನೆಲ್ಲ ಸಾಯಿಸುತ್ತದೆ.

ಲೈನಿನಲ್ಲಿ ಯಾರೋ ಕೆಲಸ ಮಾಡಿರುತ್ತಾರೆ. ಟ್ರಾನ್ಸ್‌ಫಾರ್ಮರ್ ಬದಲಿಸಿರುತ್ತಾರೆ ಅಥವಾ ಗಾಳಿಗೆ ಬಿದ್ದ ತಂತಿ ಮತ್ತೆ ಕಟ್ಟಿರುತ್ತಾರೆ. ಆಗ ಮೂರು ಫೇಸುಗಳಲ್ಲಿ ಎರಡು ಅದಲುಬದಲಾದರೆ ತ್ರೀ ಫೇಸ್ ಮೋಟರ್ ಉಲ್ಟಾ ತಿರುಗುತ್ತದೆ. ಜನರೇಟರಿಗೆ ಬದಲಿಸಿದಾಗಲೂ ಇದು ಆಗಬಹುದು. ಸೆಂಟ್ರಿಫ್ಯೂಗಲ್ ಪಂಪ್ ಉಲ್ಟಾ ತಿರುಗಿದರೂ ಸ್ವಲ್ಪ ನೀರು ಎತ್ತುತ್ತದೆ. ಸದ್ದು ಬರುತ್ತದೆ, ದೀಪ ಉರಿಯುತ್ತದೆ, ಪೈಪಿನಿಂದ ನೀರೂ ಬೀಳುತ್ತದೆ. ನೋಡಿದವರಿಗೆ ಎಲ್ಲ ಸರಿ ಇದೆ ಎನಿಸುತ್ತದೆ. ಆದರೆ ಹರಿವು ಬಹಳ ಕುಗ್ಗಿರುತ್ತದೆ. ಚಿಲ್ಲರಿನಲ್ಲಿ ಸ್ಕ್ರೋಲ್ ಕಂಪ್ರೆಸರ್ ಇದ್ದರೆ ಅದು ಉಲ್ಟಾ ತಿರುಗಿ ಗರಗರ ಸದ್ದು ಮಾಡುತ್ತದೆ, ತಂಪು ಮಾತ್ರ ಮಾಡುವುದಿಲ್ಲ. ಬ್ಲೋವರ್ ಗಾಳಿಯೂ ಸೊರಗುತ್ತದೆ.

ಪತ್ತೆ ಮಾಡುವುದು ಸುಲಭ. ಪಂಪಿನ ಮೈಮೇಲೆ ಬಾಣದ ಗುರುತು ಇರುತ್ತದೆ. ಮೋಟರ್ ಬಂದ್ ಮಾಡಿ, ಅದು ನಿಧಾನವಾಗಿ ನಿಲ್ಲುವಾಗ ಹಿಂದಿನ ಫ್ಯಾನ್ ಯಾವ ಕಡೆ ತಿರುಗುತ್ತಿದೆ ನೋಡಿ. ಬಾಣಕ್ಕೆ ಎದುರಾಗಿದ್ದರೆ ಸಿಕ್ಕಿತು. ಮೇನ್ ಸ್ವಿಚ್ ಬಂದ್ ಮಾಡಿ ಎಲೆಕ್ಟ್ರಿಷಿಯನ್ ಕೈಯಿಂದ ಎರಡು ಫೇಸ್ ಅದಲುಬದಲು ಮಾಡಿಸಿ. ಫೇಸ್ ಅದಲುಬದಲಾದರೆ ಮೋಟರ್ ಚಾಲೂ ಆಗದಂತೆ ತಡೆಯುವ ಫೇಸ್ ಸೀಕ್ವೆನ್ಸ್ ರಿಲೇಯನ್ನು ಪ್ಯಾನಲಿನಲ್ಲಿ ಹಾಕಿಸಿ. ಒಂದು ಫೇಸ್ ಹೋದಾಗಲೂ ಅದು ಮೋಟರನ್ನು ಕಾಪಾಡುತ್ತದೆ.

ರೈತರ ಪಂಪ್‌ಸೆಟ್ ಫೀಡರಿನಲ್ಲಿ ತ್ರೀ ಫೇಸ್ ದಿನವಿಡೀ ಇರುವುದಿಲ್ಲ, ಅಲ್ವಾ? ಆ ಲೈನಿನ ಮೇಲೆ ಟ್ರೌಟ್ ಸಾಕಲು ಹೋಗಲೇಬೇಡಿ. ಜನರೇಟರ್ ಇದ್ದರೂ ಅದು ಚಾಲೂ ಆಗುವ ತನಕ ಮೀನು ಉಳಿಯಬೇಕಲ್ಲ. ಅದಕ್ಕೆ ಒಂದು ಆಕ್ಸಿಜನ್ ಸಿಲಿಂಡರ್, ಕರೆಂಟ್ ಹೋದ ಕೂಡಲೇ ತಾನಾಗಿಯೇ ತೆರೆಯುವ ಸೊಲೆನಾಯ್ಡ್ ವಾಲ್ವ್, ಟಾಕಿಯ ತಳದಲ್ಲಿ ಆಕ್ಸಿಜನ್ನನ್ನು ಸಣ್ಣ ಗುಳ್ಳೆಯಾಗಿ ಬಿಡುವ ಡಿಫ್ಯೂಸರ್. ಇಷ್ಟು ಇಲ್ಲದ ಟಾಕಿಗೆ ನಾನು ಮೀನು ಬಿಡಲು ಹೇಳುವುದಿಲ್ಲ.

ಆಕ್ಸಿಜನ್: ಮೀಟರನ್ನೂ ಪರೀಕ್ಷೆ ಮಾಡಿ

ಟ್ರೌಟಿಗೆ ಒಂದು ಲೀಟರ್ ನೀರಿನಲ್ಲಿ 6–7 ಮಿಲಿಗ್ರಾಂಗಿಂತ ಕಡಿಮೆ ಆಕ್ಸಿಜನ್ ಇರಬಾರದು. ಅದೂ ನೀರು ಹೊರಗೆ ಹೋಗುವ ಕಡೆ ಅಳೆದಾಗ. ಒಳಗೆ ಬೀಳುವ ನೀರಿನಲ್ಲಿ ಅಳೆದರೆ ಯಾವಾಗಲೂ ಚೆನ್ನಾಗಿಯೇ ತೋರಿಸುತ್ತದೆ. ಫೀಡ್ ಹಾಕಿದ ಮೇಲೆ ಕೆಲವು ಗಂಟೆ ಮೀನಿಗೆ ಆಕ್ಸಿಜನ್ ಜಾಸ್ತಿ ಬೇಕು. ಹಾಗಾಗಿ ಫೀಡಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಅಳೆಯಿರಿ.

ಇಲ್ಲಿ ನಮ್ಮ ಊರುಗಳ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ನೀರು ಹೆಚ್ಚೆಂದರೆ 10 ಮಿಲಿಗ್ರಾಂ ಆಕ್ಸಿಜನ್ ಹಿಡಿಯುತ್ತದೆ. 20 ಡಿಗ್ರಿಯಲ್ಲಿ 9, 25ರಲ್ಲಿ 8ರ ಸುಮಾರು. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ. ಅದೇ 15 ಡಿಗ್ರಿ ನೀರು ಇಲ್ಲಿ 9ರ ಮೇಲೆ ಸ್ವಲ್ಪ ಹಿಡಿದರೆ ಹೆಚ್ಚು. ಮೀಟರನ್ನು ಸಮುದ್ರಮಟ್ಟದ ಸೆಟ್ಟಿಂಗಿನಲ್ಲೇ ಬಿಟ್ಟು ಕ್ಯಾಲಿಬ್ರೇಟ್ ಮಾಡಿದರೆ ಅದು ನೂರಕ್ಕೆ ಒಂಬತ್ತರಷ್ಟು ಜಾಸ್ತಿ ತೋರಿಸುತ್ತದೆ. ಮೀಟರಿನಲ್ಲಿ 6.5 ಕಂಡರೆ ನಿಜವಾಗಿ ಇರುವುದು 6 ಅಷ್ಟೇ. ಮೀನು ಒದ್ದಾಡುತ್ತಿದೆ, ಮೀಟರ್ ಸರಿ ಅನ್ನುತ್ತಿದೆ ಎನ್ನುವವರಿಗೆ ನಾನು ಮೊದಲು ಕೇಳುವುದು ಈ ಸೆಟ್ಟಿಂಗ್ ಬಗ್ಗೆ.

ಮೀಟರ್ ಸರಿಯಿದ್ದು, ಆಕ್ಸಿಜನ್ ಕೂಡ ಸಾಕಷ್ಟಿದ್ದು, ಆದರೂ ಮೀನು ಬಾಯಿ ಬಿಡುತ್ತಿದ್ದರೆ ಮೂರು ಸಾಧ್ಯತೆ ಇವೆ. ಒಂದು, ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿದೆ. ಸಿಲಿಂಡರಿನಿಂದ ಶುದ್ಧ ಆಕ್ಸಿಜನ್ ಕೊಟ್ಟು, ನೀರನ್ನು ಗಾಳಿಗೆ ಒಡ್ಡದೆ ಬಿಟ್ಟವರ ಟಾಕಿಯಲ್ಲಿ ಇದು ಸಾಮಾನ್ಯ. ಲೀಟರಿಗೆ 20 ಮಿಲಿಗ್ರಾಂ ಒಳಗೆ ಇರಲಿ. ನೀರನ್ನು ಎತ್ತರದಿಂದ ಹನಿಹನಿಯಾಗಿ ಬೀಳಿಸಿ, ಶೆಡ್ಡಿನ ಕಿಟಕಿ ತೆರೆಯಿರಿ. ಎರಡು, ಕಿವಿರು ಕೆಟ್ಟಿದೆ. ಮೂರು, ನೈಟ್ರೈಟ್. ಅದಕ್ಕೆ ಆಮೇಲೆ ಬರುತ್ತೇನೆ.

ಸಕ್ಷನ್ ಪೈಪಿನ ಗಾಳಿ

ಒಂದು ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಬಾಲದ ರೆಕ್ಕೆಯನ್ನು ಬೆಳಕಿಗೆ ಹರಡಿ ನೋಡಿ. ಎಳೆಗಳ ನಡುವೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಕಂಡರೆ, ಕಣ್ಣು ಉಬ್ಬಿ ಹೊರಗೆ ಬಂದಿದ್ದರೆ, ಅದು ರೋಗಾಣುವಿನ ಕೆಲಸ ಅಲ್ಲ. ನೀರಿನಲ್ಲಿ ಗಾಳಿ, ಅದರಲ್ಲೂ ಸಾರಜನಕ, ಹಿಡಿಸಬೇಕಾದ್ದಕ್ಕಿಂತ ಹೆಚ್ಚು ಕರಗಿದೆ. ಅದು ಮೀನಿನ ರಕ್ತದಲ್ಲಿ ಗುಳ್ಳೆಯಾಗಿ ಹೊರಬರುತ್ತಿದೆ. ಬ್ಲೋವರ್ ಜೋರು ಮಾಡಿ ಇದನ್ನು ಸರಿಮಾಡುತ್ತೇನೆ ಎಂದರೆ ಆಗುವುದಿಲ್ಲ, ಮೂಲ ಹಿಡಿಯಬೇಕು.

ತೋಳನ್ನು ಮೊಣಕೈವರೆಗೆ ಟಾಕಿಯಲ್ಲಿ ಒಂದು ನಿಮಿಷ ಇಟ್ಟುಕೊಳ್ಳಿ. ಕೂದಲಿಗೆ ಸಣ್ಣ ಗುಳ್ಳೆಗಳು ಬಂದು ಅಂಟಿದರೆ ಅನುಮಾನ ಗಟ್ಟಿಯಾಯಿತು.

ಗಾಳಿ ಬರುವ ದಾರಿ ಹೆಚ್ಚಾಗಿ ಪಂಪಿನ ಸಕ್ಷನ್ ಕಡೆಯ, ಅಂದರೆ ನೀರು ಎಳೆದುಕೊಳ್ಳುವ ಕಡೆಯ, ಜಾಯಿಂಟ್. ನೀರು ತಳ್ಳುವ ಡೆಲಿವರಿ ಕಡೆ ಸೋರಿದರೆ ನೀರು ಹೊರಗೆ ಬಂದು ನಮಗೆ ಕಾಣುತ್ತದೆ. ಸಕ್ಷನ್ ಕಡೆ ಸೋರಿದರೆ ಒಂದು ಹನಿಯೂ ಹೊರಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಂಪ್ ಆ ಗಾಳಿಯನ್ನು ಒತ್ತಡದಲ್ಲಿ ನೀರಿಗೆ ಅರೆದು ಕರಗಿಸುತ್ತದೆ. ಪಂಪ್ ಓಡುತ್ತಿರುವಾಗ ಪ್ರತಿ ಜಾಯಿಂಟ್, ಯೂನಿಯನ್, ಫಿಲ್ಟರ್ ಮುಚ್ಚಳದ ರಿಂಗಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಾ ಹೋಗಿ. ಯಾವ ಜಾಗದಲ್ಲಿ ಸುತ್ತಿದಾಗ ಸುಯ್ ಎನ್ನುವ ಸದ್ದು ನಿಲ್ಲುತ್ತದೋ, ಟಾಕಿಗೆ ಬೀಳುವ ನೀರಿನ ಬಿಳಿ ಮಂಜು ಕಡಿಮೆಯಾಗುತ್ತದೋ, ಅದೇ ಜಾಗ. ಹಳೇ ರಬ್ಬರ್ ರಿಂಗ್ ತೆಗೆದು ಹೊಸದು ಹಾಕಿ. ಸಂಪಿನಲ್ಲಿ ನೀರು ಕಡಿಮೆಯಾಗಿ ಸುಳಿ ಬಿದ್ದರೂ ಗಾಳಿ ಒಳಗೆ ಹೋಗುತ್ತದೆ. ಅದನ್ನೂ ನೋಡಿ.

ಬೋರ್ ನೀರಿಗೂ ಇದೇ ಮಾತು. ಆಳದಿಂದ ಬರುವ ನೀರಿನಲ್ಲಿ ಆಕ್ಸಿಜನ್ ಇಲ್ಲವೆನ್ನುವಷ್ಟು ಕಡಿಮೆ ಇರಬಹುದು, ಬೇರೆ ಗಾಳಿಗಳು ಜಾಸ್ತಿ ಇರಬಹುದು. ಅದನ್ನು ನೇರ ಟಾಕಿಗೆ ಬಿಡಬೇಡಿ. ಬೇರೆ ಟಾಕಿಯಲ್ಲಿ ಶವರ್ ಮಾಡಿ, ಗಾಳಿ ಆಡಿಸಿ, ತಂಪು ಮಾಡಿ ಆಮೇಲೆ ಕೊಡಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಲೇಬೇಕು. ಟ್ರೌಟ್ ಅದನ್ನು ಚೂರೂ ತಡೆಯುವುದಿಲ್ಲ. ಸೋಡಿಯಂ ಥಯೋಸಲ್ಫೇಟ್ ಹಾಕಿ, ಕಿಟ್‌ನಿಂದ ಪರೀಕ್ಷೆ ಮಾಡಿ, ಸೊನ್ನೆ ಬಂದ ಮೇಲೆ ಬಿಡಿ.

ಅಮೋನಿಯ, ಪಿಎಚ್, ನೈಟ್ರೈಟ್

ಟ್ರೌಟ್ ಫೀಡಿನಲ್ಲಿ ಪ್ರೋಟೀನ್ ನೂರಕ್ಕೆ 40–45 ಇರುತ್ತದೆ. ಒಂದು ಕೆಜಿ ಫೀಡ್ ತಿಂದರೆ ನೀರಿಗೆ 30–40 ಗ್ರಾಂ ಅಮೋನಿಯ ಸೇರುತ್ತದೆ. ಅದನ್ನು ತಿನ್ನುವುದು ಬಯೋಫಿಲ್ಟರಿನ ಬ್ಯಾಕ್ಟೀರಿಯಾ. ತಣ್ಣೀರಿನಲ್ಲಿ ಅವು ನಿಧಾನ. ಫಿಲ್ಟರ್ ಹದಕ್ಕೆ ಬರಲು ಆರರಿಂದ ಎಂಟು ವಾರ ಬೇಕು. ಟಾಕಿ ಕಟ್ಟಿ ಹದಿನೈದು ದಿನಕ್ಕೇ ಮರಿ ತಂದು ಬಿಟ್ಟವರಿಗೆ ಮೊದಲ ತಿಂಗಳಲ್ಲೇ ಏಟು ಬೀಳುವುದು ಇಲ್ಲಿ.

ಕಿಟ್ ತೋರಿಸುವುದು ಒಟ್ಟು ಅಮೋನಿಯ. ವಿಷ ಇರುವುದು ಅದರ ಒಂದು ಪಾಲಿನಲ್ಲಿ ಮಾತ್ರ. ಆ ಪಾಲು ಎಷ್ಟು ಎನ್ನುವುದನ್ನು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ತೀರ್ಮಾನಿಸುತ್ತದೆ. 15 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ನೂರಕ್ಕೆ 0.27. ಪಿಎಚ್ 8 ಆದರೆ 2.7, ಅಂದರೆ ಹತ್ತು ಪಟ್ಟು. ಟ್ರೌಟಿಗೆ ಈ ವಿಷದ ಪಾಲು ಲೀಟರಿಗೆ 0.02 ಮಿಲಿಗ್ರಾಂ ದಾಟಬಾರದು. ಕಿಟ್‌ನಲ್ಲಿ 1 ಎಂದು ಬಂದರೆ ಪಿಎಚ್ 7ರ ನೀರಿನಲ್ಲಿ ಚಿಂತೆಯಿಲ್ಲ, 8ರ ನೀರಿನಲ್ಲಿ ಮಿತಿ ದಾಟಿದೆ. ಬಾಗಲಕೋಟೆ, ವಿಜಯಪುರ ಕಡೆ ಎಷ್ಟೋ ಬೋರುಗಳ ನೀರು ಗಡಸು, ಪಿಎಚ್ ಕೂಡ ಮೇಲೆ. ಆದ್ದರಿಂದ ಪಿಎಚ್ ನೋಡದೆ ಅಮೋನಿಯ ಅಂಕಿ ಓದಿದರೆ ಅರ್ಥವಿಲ್ಲ.

ಇದರ ಉಲ್ಟಾ ದೋಷವೂ ಇದೆ. ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ನೀರಿನ ಕ್ಷಾರ ಗುಣವನ್ನು ತಿಂದುಹಾಕುತ್ತವೆ. ಮೆದು ನೀರಿನ ಟಾಕಿಯಲ್ಲಿ, ಉದಾಹರಣೆಗೆ ಮಳೆನೀರು ತುಂಬಿಸಿಕೊಂಡ ಖಾನಾಪುರ ಕಡೆಯವರಲ್ಲಿ, ಪಿಎಚ್ ದಿನದಿನಕ್ಕೆ ಇಳಿದು ಫಿಲ್ಟರ್ ನಿಂತುಬಿಡುತ್ತದೆ. ಅಂಥವರು ಕೆಜಿ ಫೀಡಿಗೆ 150ರಿಂದ 250 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ, ಪಿಎಚ್ ನೋಡಿಕೊಂಡು, ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಅಮೋನಿಯ ಏರಿದ ದಿನವೇ ಸೋಡಾ ಸುರಿಯಬೇಡಿ. ಪಿಎಚ್ ಏರಿ ವಿಷದ ಪಾಲು ಇನ್ನೂ ಹೆಚ್ಚುತ್ತದೆ. ಮೊದಲು ಫೀಡ್ ನಿಲ್ಲಿಸಿ, ಹದ ಮಾಡಿಟ್ಟ ತಣ್ಣನೆಯ ನೀರು ಬದಲಿಸಿ.

ಈಗ ನೈಟ್ರೈಟ್. ಬ್ಯಾಕ್ಟೀರಿಯಾ ಅಮೋನಿಯವನ್ನು ಅರ್ಧ ಮಾತ್ರ ಬದಲಿಸಿದಾಗ ಉಳಿಯುವ ವಿಷ ಇದು. ಸತ್ತ ಕೂಡಲೇ ಮೀನಿನ ಕಿವಿರು ಮುಚ್ಚಳ ಎತ್ತಿ ನೋಡಿ. ಆರೋಗ್ಯದ ಕಿವಿರು ಕೆಂಪು. ಚಾಕೊಲೇಟಿನ ಹಾಗೆ ಕಂದಾಗಿದ್ದರೆ ನೈಟ್ರೈಟ್ ರಕ್ತ ಕೆಡಿಸಿದೆ. ನೀರಿನಲ್ಲಿ ಆಕ್ಸಿಜನ್ ತುಂಬಿದ್ದರೂ ಆ ರಕ್ತ ಅದನ್ನು ಹೊರಲಾರದು. ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ, ಹರಳುಪ್ಪು. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಬಾಗಿಲಲ್ಲೇ ತಡೆಯುತ್ತದೆ. 10,000 ಲೀಟರಿಗೆ ಒಂದೂವರೆಯಿಂದ ಎರಡು ಕೆಜಿ ಉಪ್ಪನ್ನು ಬಕೆಟ್‌ನಲ್ಲಿ ಕರಗಿಸಿ ನಿಧಾನವಾಗಿ ಬಿಡಿ. ಫಿಲ್ಟರಿಗೆ ಅಷ್ಟು ಉಪ್ಪಿನಿಂದ ತೊಂದರೆಯಿಲ್ಲ.

ನೀರೆಲ್ಲ ಸರಿ ಇದ್ದರೆ

ಆಗ ಫೀಡ್ ಚೀಲ ಬಿಚ್ಚಿ ಮೂಸಿ ನೋಡಿ. ಎಣ್ಣೆ ಕಮಟು ಹಿಡಿದಿದ್ದರೆ ಎಸೆಯಿರಿ. ತಗಡಿನ ಶೆಡ್ಡಿನಲ್ಲಿ ಬೇಸಿಗೆ ಪೂರ್ತಿ ಇಟ್ಟ ಟ್ರೌಟ್ ಫೀಡ್ ಕೆಡದೆ ಇರುವುದಿಲ್ಲ, ಅದರಲ್ಲಿ ಎಣ್ಣೆ ಅಂಶ ಹೆಚ್ಚು.

ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಂಡರೆ ಹೆಚ್ಚಿನವರು ಅದನ್ನೇ ರೋಗ ಎಂದುಕೊಳ್ಳುತ್ತಾರೆ. ಬೂಷ್ಟು ಸಾಮಾನ್ಯವಾಗಿ ಗಾಯದ ಮೇಲೆ ಕೂರುತ್ತದೆ. ಬಲೆ ತಾಗಿದ್ದೋ, ಇಕ್ಕಟ್ಟಿನಲ್ಲಿ ಒಂದನ್ನೊಂದು ಕಚ್ಚಿದ್ದೋ, ಬಿಸಿ ನೀರಿನಲ್ಲಿ ಸೊರಗಿದ್ದೋ ಮೂಲ ಹುಡುಕಿ. ಕಿವಿರು ಊದಿ ಲೋಳೆ ಕಟ್ಟಿದ್ದರೆ, ಕಪ್ಪಾಗಿ ಒಂಟಿಯಾಗಿ ಮೂಲೆಯಲ್ಲಿ ನಿಂತಿದ್ದರೆ, ಬಾಲ ಕಪ್ಪಾಗಿ ಸುತ್ತು ಸುತ್ತಿ ಈಜುತ್ತಿದ್ದರೆ ಅದನ್ನು ಕಣ್ಣಿನಿಂದ ನೋಡಿ ತೀರ್ಮಾನಿಸುವುದು ಬೇಡ. ಸೂಕ್ಷ್ಮದರ್ಶಕ ಬೇಕು. ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಜಿಲ್ಲೆಯ ಮೀನುಗಾರಿಕೆ ಇಲಾಖೆ ಕಚೇರಿಯೂ ದಾರಿ ತೋರಿಸುತ್ತದೆ. ತಣ್ಣೀರಿನ ಮೀನಿಗೆಂದೇ ಇರುವ ಕೇಂದ್ರ ಸಂಸ್ಥೆ ಉತ್ತರಾಖಂಡದ ಭೀಮತಾಲ್‌ನಲ್ಲಿದೆ.

ಪರೀಕ್ಷೆಗೆ ಒಯ್ಯುವುದಾದರೆ ಸತ್ತು ಗಂಟೆಗಳಾದ ಮೀನು ಬೇಡ. ನಮ್ಮ ಸೆಕೆಯಲ್ಲಿ ಅದು ಬೇಗ ಕೊಳೆತು ಏನೂ ಹೇಳುವುದಿಲ್ಲ. ಸಾಯುವ ಹಂತದಲ್ಲಿರುವ ಎರಡು ಮೂರು ಜೀವಂತ ಮೀನು, ಅದೇ ಟಾಕಿಯ ನೀರು ತುಂಬಿ ಆಕ್ಸಿಜನ್ ಹಾಕಿದ ಚೀಲ, ಥರ್ಮಾಕೋಲ್ ಪೆಟ್ಟಿಗೆ, ಹೊರಗಿನಿಂದ ಐಸ್. ಜೊತೆಗೆ ಬೇರೆ ಬಾಟಲಿಯಲ್ಲಿ ಗಾಳಿಯಿಲ್ಲದಂತೆ ತುಂಬಿದ ಒಂದು ಲೀಟರ್ ನೀರು. ಚೀಟಿಯಲ್ಲಿ ನೀರಿನ ಬಿಸಿ, ಆಕ್ಸಿಜನ್, ಪಿಎಚ್, ಅಮೋನಿಯ, ಕೊನೆಯ ಸಲ ಫೀಡ್ ಹಾಕಿದ ಹೊತ್ತು, ಏನಾದರೂ ಔಷಧ ಹಾಕಿದ್ದರೆ ಅದರ ಹೆಸರು ಬರೆಯಿರಿ.

ಸತ್ತವನ್ನು ಬೋರಿನಿಂದ ದೂರ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹುಗಿಯಿರಿ. ಟಾಕಿ ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ, ಕಬ್ಬಿನ ಗದ್ದೆಗೆ ಬಿಡಿ. ಆದರೆ ಉಪ್ಪು ಹಾಕಿದ ನೀರನ್ನು ಒಂದೇ ಮಡಿಗೆ ಮತ್ತೆ ಮತ್ತೆ ಹರಿಸಬೇಡಿ. ಆ ಟಾಕಿಯಲ್ಲಿ ಬಳಸಿದ ಬಲೆ, ಬಕೆಟ್ ಪಕ್ಕದ ಟಾಕಿಗೆ ಹೋಗುವ ಮೊದಲು ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿರಬೇಕು.